ಕುರ್ತುಬಾದಲ್ಲಿ ಒಂದು ದಿನ: ಗೈಡ್ ಇಲ್ಲದೆ, ಕಾಲ್ನಡಿಗೆಯಲ್ಲಿ

ಸ್ಪೇನ್ ಅಂದ ಕೂಡಲೇ ನಮ್ಮ ಮಕ್ಕಳ ಬಾಯಿಗೆ ಬರುವುದು ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ. ದರ್ಸ್‌ನಲ್ಲಿ ಕೂತು ಕಿತಾಬ್ ಓದಿದವರಿಗೆ ಇನ್ನೊಂದು ಹೆಸರೂ ನೆನಪಾಗುತ್ತದೆ: ಕುರ್ತುಬಿ. ಪಳ್ಳಿಯ ಕಪಾಟಿನಲ್ಲಿ ಸಾಲಾಗಿ ನಿಂತ ದಪ್ಪ ತಫ್ಸೀರ್ ಸಂಪುಟಗಳ ಬೆನ್ನಿನ ಮೇಲಿರುವ ಹೆಸರು ಅದು. ಊರಿನ ಹೆಸರಿನಿಂದಲೇ ಉಸ್ತಾದರನ್ನು ಗುರುತಿಸುವುದು ನಮ್ಮಲ್ಲೂ ಉಂಟಲ್ಲ, ಹಾಗೆಯೇ ಕುರ್ತುಬಾದವರು ಕುರ್ತುಬಿ. ಆ ಕುರ್ತುಬಾವೇ ಇವತ್ತಿನ ಸ್ಪೇನ್ ದೇಶದ ಕೊರ್ಡೋಬಾ.

ದುಬೈಯಲ್ಲಿರುವ ಭಾವ ಮಗನನ್ನು ಕರೆದುಕೊಂಡು ಯುರೋಪ್ ನೋಡಲು ಹೊರಟಾಗ ನಮ್ಮನ್ನೂ ಜೊತೆಗೆ ಸೇರಿಸಿಕೊಂಡರು. ಮ್ಯಾಡ್ರಿಡ್‌ನಿಂದ ವೇಗದ ರೈಲಿನಲ್ಲಿ ಎರಡು ಗಂಟೆಯೊಳಗೆ ಕೊರ್ಡೋಬಾ. ಹಳೆಯ ಊರು ಚಿಕ್ಕದು, ಗಲ್ಲಿಗಳಿಗೆ ಬಸ್ಸು ನುಗ್ಗುವುದಿಲ್ಲ. ಆದ್ದರಿಂದ ಗೈಡ್ ಬೇಡ, ನಡೆದೇ ನೋಡೋಣ ಎಂದು ತೀರ್ಮಾನಿಸಿದೆವು. ಈಗ ನಮ್ಮ ಎಷ್ಟೋ ಮನೆಗಳ ಮಕ್ಕಳು ಗಲ್ಫ್‌ನಿಂದ, ಲಂಡನ್‌ನಿಂದ ರಜೆಗೆ ಸ್ಪೇನ್‌ಗೆ ಹೋಗುತ್ತಿದ್ದಾರೆ. ಅವರಿಗೂ, ಮನೆಯಲ್ಲೇ ಕೂತು ಓದುವವರಿಗೂ ಆ ದಾರಿಯನ್ನು ಇಲ್ಲಿ ಹೇಳುತ್ತೇವೆ.

ಸೇತುವೆಯಿಂದ ಶುರು

ನಡಿಗೆ ಶುರು ಮಾಡಬೇಕಾದ್ದು ನದಿಯ ಆಚೆ ದಡದಿಂದ. ಅಲ್ಲಿ ಕಲಹೊರ್ರಾ ಎಂಬ ಹಳೆಯ ಕಾವಲು ಗೋಪುರ ಇದೆ. ಎದುರಿಗೆ ಹದಿನಾರು ಕಮಾನುಗಳ ರೋಮನ್ ಸೇತುವೆ. ಕೆಳಗೆ ಹರಿಯುವ ನದಿ ಗ್ವಾದಲ್ಕಿವಿರ್. ಈ ಹೆಸರನ್ನು ಮೆಲ್ಲಗೆ ಬಿಡಿಸಿ ನೋಡಿ: 'ವಾದಿಲ್ ಕಬೀರ್', ಅಂದರೆ ದೊಡ್ಡ ನದಿ. ಆಳಿದವರು ಹೋಗಿ ಎಂಟುನೂರು ವರ್ಷ ಆಗುತ್ತ ಬಂತು, ನದಿ ಇನ್ನೂ ಅರಬಿ ಹೆಸರಲ್ಲೇ ಹರಿಯುತ್ತಿದೆ.

ರೋಮನ್ನರು ಕಟ್ಟಿದ ಈ ಸೇತುವೆಯನ್ನು ಮುಸ್ಲಿಮ್ ಆಡಳಿತಗಾರರು ದುರಸ್ತಿ ಮಾಡಿದರು, ಆಮೇಲೆ ಬಂದ ಕ್ರೈಸ್ತ ಅರಸರೂ ದುರಸ್ತಿ ಮಾಡಿದರು. ಮೂವರ ಕೈಯೂ ಒಂದೇ ಸೇತುವೆಯಲ್ಲಿ ಉಂಟು. ಸೇತುವೆ ದಾಟಿ ನೇರ ನಡೆದರೆ ಐದು ನಿಮಿಷದಲ್ಲಿ ದೊಡ್ಡ ಮಸೀದಿಯ ಗೋಡೆ.

856 ಕಂಬಗಳ ನಡುವೆ

ಬೆಳಿಗ್ಗೆ ಬೇಗ ಹೋಗುವುದು ಒಳ್ಳೆಯದು. ಸೋಮವಾರದಿಂದ ಶನಿವಾರದವರೆಗೆ 8.30ರಿಂದ 9.30ರ ತನಕ ಟಿಕೆಟ್ ಇಲ್ಲದೆ ಒಳಗೆ ಬಿಡುತ್ತಾರೆ. ವೇಳೆ ಬದಲಾಗಬಹುದು, ಹೊರಡುವ ಮುಂಚೆ ಒಮ್ಮೆ ನೋಡಿಕೊಳ್ಳಿ. ಮೊದಲು ಸಿಗುವುದು ಕಿತ್ತಳೆ ಮರಗಳ ಅಂಗಳ. ಒಂದು ಕಾಲದಲ್ಲಿ ಜನರು ವುಝೂ ಮಾಡುತ್ತಿದ್ದ ಜಾಗ ಅದು. ಹಣ್ಣು ನೋಡಲು ಚಂದ, ತಿಂದರೆ ಕಹಿ.

ಒಳಗೆ ಕಾಲಿಟ್ಟರೆ ಕಣ್ಣು ಹೋದಲ್ಲೆಲ್ಲ ಕಂಬ. ಈಗ ಉಳಿದಿರುವುದು 856. ಅವುಗಳ ಮೇಲೆ ಕೆಂಪು-ಬಿಳಿ ಪಟ್ಟೆಯ ಜೋಡಿ ಕಮಾನುಗಳು. ಕಂಬಗಳಲ್ಲಿ ಬಹಳಷ್ಟು ಹಳೆಯ ರೋಮನ್ ಕಟ್ಟಡಗಳಿಂದ ತಂದವು. ಅವು ಗಿಡ್ಡ ಇದ್ದ ಕಾರಣ ಮಾಡು ಎತ್ತರಿಸಲು ಕಮಾನಿನ ಮೇಲೆ ಇನ್ನೊಂದು ಕಮಾನು ಕಟ್ಟಿದರು. ಕೊರತೆಯನ್ನು ನೀಗಿಸಲು ಹೂಡಿದ ಉಪಾಯವೇ ಇವತ್ತು ಜಗತ್ತು ಬಂದು ನೋಡುವ ಸೌಂದರ್ಯವಾಗಿದೆ.

ಮಸೀದಿಯನ್ನು ಶುರು ಮಾಡಿಸಿದವರು ಒಂದನೇ ಅಬ್ದುರ್ರಹ್ಮಾನ್, ಸುಮಾರು 785ರಲ್ಲಿ. ಅಲ್ಲಿದ್ದ ಚರ್ಚಿನ ಜಾಗವನ್ನು ಕ್ರೈಸ್ತರಿಂದ ಹಣ ಕೊಟ್ಟು ಪಡೆದರು ಎಂದು ಅರಬಿ ಚರಿತ್ರೆ ಗ್ರಂಥಗಳು ಹೇಳುತ್ತವೆ. ಮುಂದಿನ ಇನ್ನೂರು ವರ್ಷ ಅದು ಬೆಳೆಯುತ್ತ ಹೋಯಿತು. ಎರಡನೇ ಹಕಮ್ ಕಾಲದಲ್ಲಿ ಈಗ ನಾವು ನೋಡುವ ಮಿಹ್ರಾಬ್ ಆಯಿತು. ಅದರ ಚಿನ್ನದ ಬಣ್ಣದ ಮೊಸಾಯಿಕ್ ಕೆಲಸಕ್ಕೆ ಕುಶಲಕರ್ಮಿಯೂ ಸಾಮಗ್ರಿಯೂ ಬಂದದ್ದು ಕ್ರೈಸ್ತ ಬೈಜಾಂಟಿಯನ್ ಚಕ್ರವರ್ತಿಯ ಕಡೆಯಿಂದ. 987ರಲ್ಲಿ ಮನ್ಸೂರ್ ಎಂಬ ಮಂತ್ರಿ ಕೊನೆಯ ವಿಸ್ತರಣೆ ಮಾಡಿಸಿದರು.

ಮಿಹ್ರಾಬ್ ಮುಂದೆ ನಿಂತು ಭಾವನ ಮಗ ಮೊಬೈಲಿನಲ್ಲಿ ಕಿಬ್ಲಾ ನೋಡಿದ. "ಮಾಮ, ಇದು ತಪ್ಪು ಉಂಟಲ್ಲ?" ಎಂದ. ಸರಿಯೇ. ಕೊರ್ಡೋಬಾದಿಂದ ಮಕ್ಕಾ ಪೂರ್ವ ದಿಕ್ಕಿಗೆ, ಮಿಹ್ರಾಬ್ ವಾಲಿರುವುದು ಹೆಚ್ಚು ದಕ್ಷಿಣಕ್ಕೆ. ಇದರ ಬಗ್ಗೆ ಅಂದಿನ ಉಲಮಾಗಳೇ ಚರ್ಚೆ ಮಾಡಿದ್ದರು. ಆದರೆ ಆ ಕಾರಣಕ್ಕೆ ಯಾರೂ ಮಸೀದಿ ಬಿಟ್ಟು ಹೋಗಲಿಲ್ಲ.

ಒಂದು ಮಾತು ಮೊದಲೇ ಹೇಳಬೇಕು. 1236ರಿಂದ ಇದು ಚರ್ಚ್. ಒಳಗೆ ನಮಾಝ್‌ಗೆ ಅನುಮತಿ ಇಲ್ಲ, ಕಾವಲುಗಾರರು ತಡೆಯುತ್ತಾರೆ. ಅಲ್ಲಾಮ ಇಕ್ಬಾಲ್ 1933ರಲ್ಲಿ ಇಲ್ಲಿ ಬಂದು ನಮಾಝ್ ಮಾಡಿದ್ದು, ಇದರ ಮೇಲೆ ಕವಿತೆ ಬರೆದದ್ದು ಎಲ್ಲರಿಗೂ ಗೊತ್ತು. ಇವತ್ತು ನಮಗೆ ಇರುವುದು ನೋಡುವ ಅವಕಾಶ ಮಾತ್ರ. ಎದೆ ಭಾರ ಆಗುತ್ತದೆ, ಸುಳ್ಳಲ್ಲ. ಆದರೂ ಜಗಳ ಮಾಡದೆ, ಅದಬ್ ಬಿಡದೆ ನಡೆಯುವುದೇ ಚಂದ.

ಉಳಿಸಿದವರು ಯಾರು?

ಕಂಬಗಳ ಕಾಡಿನ ನಡುವೆ ಥಟ್ಟನೆ ಎತ್ತರದ ಚರ್ಚ್ ಎದ್ದು ನಿಲ್ಲುತ್ತದೆ. 1523ರಲ್ಲಿ ಬಿಷಪರು ನಡುಭಾಗ ಒಡೆದು ಅದನ್ನು ಕಟ್ಟಲು ಹೊರಟರು. ಆಗ ಅಡ್ಡ ಬಂದವರು ಯಾರು ಗೊತ್ತೇ? ಊರಿನ ಕ್ರೈಸ್ತ ನಗರಸಭೆಯವರು. ಕೆಡವಲು ಕೈ ಹಾಕಿದ ಕೆಲಸಗಾರನಿಗೆ ಮರಣದಂಡನೆ ಎಂದು ಸಾರಿಸಿದರು! ಜಗಳ ಐದನೇ ಚಾರ್ಲ್ಸ್ ಚಕ್ರವರ್ತಿಯವರೆಗೆ ಹೋಯಿತು. ಅವನು ಬಿಷಪರಿಗೇ ಒಪ್ಪಿಗೆ ಕೊಟ್ಟ. ಆಮೇಲೆ ಬಂದು ನೋಡಿ ಪಶ್ಚಾತ್ತಾಪ ಪಟ್ಟ ಎಂಬ ಮಾತು ಆ ಊರಲ್ಲಿ ಈಗಲೂ ಚಾಲ್ತಿಯಲ್ಲಿದೆ.

ಇನ್ನೊಂದು ಸಂಗತಿ. 997ರಲ್ಲಿ ಇದೇ ಮನ್ಸೂರ್ ಉತ್ತರದ ಸಾಂತಿಯಾಗೊ ನಗರದ ಮೇಲೆ ದಾಳಿ ಮಾಡಿ, ಅಲ್ಲಿನ ಚರ್ಚಿನ ಗಂಟೆಗಳನ್ನು ಕ್ರೈಸ್ತ ಸೆರೆಯಾಳುಗಳ ಹೆಗಲ ಮೇಲೆ ಕುರ್ತುಬಾಕ್ಕೆ ಹೊರಿಸಿ ತಂದರು. 1236ರಲ್ಲಿ ಊರು ಗೆದ್ದ ಮೂರನೇ ಫರ್ನಾಂಡೋ ಅದೇ ಗಂಟೆಗಳನ್ನು ಮುಸ್ಲಿಮ್ ಸೆರೆಯಾಳುಗಳ ಹೆಗಲ ಮೇಲೆ ವಾಪಸ್ ಕಳುಹಿಸಿದ. ಚರಿತ್ರೆಕಾರರು ಎರಡನ್ನೂ ಬರೆದಿಟ್ಟಿದ್ದಾರೆ. ನಾವು ಮಕ್ಕಳಿಗೆ ಒಂದನ್ನು ಮಾತ್ರ ಹೇಳಿದರೆ ಸಾಲದು.

ಗೋಡೆ ಪಕ್ಕದ ಉಸ್ತಾದರು

ಮಸೀದಿಯಿಂದ ಹೊರಬಿದ್ದು ಪಶ್ಚಿಮಕ್ಕೆ ತಿರುಗಿದರೆ ಹಳೆಯ ಯಹೂದಿ ಕೇರಿ. ಸುಣ್ಣ ಬಳಿದ ಗೋಡೆ, ಹೂಕುಂಡ, ಇಬ್ಬರು ಎದುರಾದರೆ ಒಬ್ಬರು ಬದಿಗೆ ಸರಿಯಬೇಕಾದ ಗಲ್ಲಿ. 1315ರ ಸಿನಗಾಗ್ ಇನ್ನೂ ನಿಂತಿದೆ. ಅದರ ಒಳಗಿನ ಗಾರೆ ಕೆತ್ತನೆ ನಮ್ಮವರ ಶೈಲಿಯದ್ದೇ. ಹತ್ತಿರದಲ್ಲೇ ಯಹೂದಿ ವಿದ್ವಾಂಸ ಮೈಮೊನಿಡಿಸ್ ಪ್ರತಿಮೆ. ಅವರ ದೊಡ್ಡ ಗ್ರಂಥವೊಂದು ಇರುವುದು ಅರಬಿ ಭಾಷೆಯಲ್ಲಿ.

ಅಲ್ಮೊದೋವರ್ ಬಾಗಿಲು ದಾಟಿ ಕೋಟೆಗೋಡೆಯ ಹೊರಗೆ ನಡೆದರೆ ಇಬ್ನು ರುಶ್ದ್ ಕಿತಾಬ್ ಹಿಡಿದು ಕೂತಿದ್ದಾರೆ. ಯುರೋಪಿಗೆ ಅವರು ತತ್ತ್ವಜ್ಞಾನಿ. ನಮಗೆ ಅವರು ಕುರ್ತುಬಾದ ಕಾಝಿ, 'ಬಿದಾಯತುಲ್ ಮುಜ್ತಹಿದ್' ಬರೆದವರು. ಇಮಾಮರು ಒಂದೇ ವಿಷಯದಲ್ಲಿ ಬೇರೆ ಬೇರೆ ಹೇಳಿದ್ದು ಯಾಕೆ, ಯಾರ ಆಧಾರ ಏನು ಎಂದು ಬಿಡಿಸಿ ಹೇಳುವ ಗ್ರಂಥ ಅದು. ಅಂಥವರನ್ನೂ ಅಸೂಯೆ ಬಿಡಲಿಲ್ಲ. 1195ರಲ್ಲಿ ಅವರನ್ನು ಊರಿನಿಂದ ಹೊರಹಾಕಿ ತತ್ತ್ವಶಾಸ್ತ್ರದ ಪುಸ್ತಕಗಳನ್ನು ಸುಟ್ಟರು. 1198ರಲ್ಲಿ ಮರಾಕಿಶ್‌ನಲ್ಲಿ ತೀರಿಕೊಂಡರು. ಮಯ್ಯಿತ್ತನ್ನು ಕುರ್ತುಬಾಕ್ಕೆ ತರುವಾಗ ಪ್ರಾಣಿಯ ಒಂದು ಬದಿಗೆ ಅವರ ದೇಹ, ತೂಕ ಸರಿದೂಗಿಸಲು ಇನ್ನೊಂದು ಬದಿಗೆ ಅವರೇ ಬರೆದ ಕಿತಾಬ್‌ಗಳು ಇದ್ದವು ಎಂದು ಕಣ್ಣಾರೆ ಕಂಡ ಇಬ್ನು ಅರಬಿ ಬರೆದಿದ್ದಾರೆ.

ಗೋಡೆಯ ದಕ್ಷಿಣ ತುದಿಯ ಸೆವಿಲ್ಲಾ ಬಾಗಿಲ ಹತ್ತಿರ ಇಬ್ನು ಹಝ್ಮ್ ಪ್ರತಿಮೆ. ಅವರ ಬಾಲ್ಯದ ಮನೆ ಹಾಳಾದದ್ದು, ಅವರು ಊರು ಬಿಟ್ಟದ್ದು ಕ್ರೈಸ್ತ ಸೈನ್ಯದಿಂದ ಅಲ್ಲ. 1009ರಲ್ಲಿ ಮುಸ್ಲಿಮರ ನಡುವೆಯೇ ಹತ್ತಿದ ಅಧಿಕಾರದ ಜಗಳದಿಂದ. ಊರಿನಿಂದ ಎಂಟು ಕಿ.ಮೀ. ದೂರದ ಮದೀನತುಝ್ಝಹ್ರಾ ಅರಮನೆ-ನಗರವನ್ನು 936ರಲ್ಲಿ ಕಟ್ಟಲು ಶುರು ಮಾಡಿದ್ದರು. ನೂರು ವರ್ಷ ತುಂಬುವ ಮೊದಲೇ, 1010ರಲ್ಲಿ, ಇದೇ ಜಗಳದಲ್ಲಿ ಅದನ್ನು ಲೂಟಿ ಮಾಡಿ ಹಾಳುಗೆಡವಿದರು. 1031ರಲ್ಲಿ ಖಿಲಾಫತ್ ಮುಗಿಯಿತು. ಇಪ್ಪತ್ತಕ್ಕೂ ಹೆಚ್ಚು ತುಂಡು ರಾಜ್ಯಗಳಾದವು. ಒಬ್ಬನನ್ನು ಸೋಲಿಸಲು ಇನ್ನೊಬ್ಬ ಕ್ರೈಸ್ತ ರಾಜನಿಗೆ ಕಪ್ಪ ಕೊಟ್ಟ. 1236 ಬಂದದ್ದು ಇಷ್ಟೆಲ್ಲ ಆದ ಮೇಲೆ.

ವಅಳ್‌ಗಳಲ್ಲಿ ಕುರ್ತುಬಾದ ದೀಪಗಳನ್ನು, ನಾಲ್ಕು ಲಕ್ಷ ಪುಸ್ತಕಗಳ ಲೈಬ್ರರಿಯನ್ನು ಹೆಮ್ಮೆಯಿಂದ ಹೇಳುತ್ತೇವೆ. ಹೇಳಬೇಕು. ಆದರೆ ಅದು ಮುರಿದದ್ದು ಹೇಗೆ ಎಂಬ ಪಾಠವನ್ನು ಮಾತ್ರ ಬಿಟ್ಟುಬಿಡುತ್ತೇವೆ. ಒಂದೇ ಮೊಹಲ್ಲಾದಲ್ಲಿ ಸಂಘಟನೆಯ ಹೆಸರಲ್ಲಿ ಸಲಾಮ್ ನಿಲ್ಲಿಸಿದವರಿಗೆ, ಮದ್ರಸದ ಬೀಗ ಹಿಡಿದು ಕೋರ್ಟಿಗೆ ಹೋದವರಿಗೆ ಈ ನಡಿಗೆಯ ಅರ್ಧ ದಿನ ಸಾಕು.

ತಫ್ಸೀರ್ ಬರೆದ ಕುರ್ತುಬಿಯವರಿಗೆ ಈ ಊರಿನಲ್ಲಿ ದೊಡ್ಡ ಗುರುತೇನೂ ನಮಗೆ ಕಾಣಲಿಲ್ಲ. ಹಿಜರಿ 627ರ ರಮಝಾನ್‌ನಲ್ಲಿ ನಡೆದ ದಾಳಿಯಲ್ಲಿ ಅವರ ತಂದೆ ಕೊಲ್ಲಲ್ಪಟ್ಟರು. ಆ ದುಃಖದಲ್ಲೂ ಮಗ ತನ್ನ ಉಸ್ತಾದರ ಬಳಿ ಹೋಗಿ, ಇಂಥ ಮಯ್ಯಿತ್ತಿಗೆ ಸ್ನಾನ ಮಾಡಿಸಬೇಕೇ, ನಮಾಝ್ ಮಾಡಬೇಕೇ ಎಂದು ಮಸ್ಅಲ ಕೇಳಿದ್ದನ್ನು ತಫ್ಸೀರಿನಲ್ಲೇ ಬರೆದಿದ್ದಾರೆ. ಊರು ಹೋಯಿತು, ಅವರು ಈಜಿಪ್ಟಿಗೆ ಹೋದರು, 1273ರಲ್ಲಿ ಅಲ್ಲೇ ವಫಾತ್ ಆದರು. ಗೆದ್ದವರ ಹೆಸರು ನಮಗೆ ನೆನಪಿಲ್ಲ. ಕುರ್ತುಬಿಯ ಹೆಸರು ನಮ್ಮ ಪಳ್ಳಿಯ ಕಪಾಟಿನ ತನಕ ಬಂದಿದೆ.

ಹೋಗುವವರಿಗೆ ನಾಲ್ಕು ಮಾತು

ಜುಲೈ, ಆಗಸ್ಟ್ ಬೇಡ. ಬಿಸಿಲು 40 ಡಿಗ್ರಿ ದಾಟುತ್ತದೆ. ಏಪ್ರಿಲ್ ಅಥವಾ ಅಕ್ಟೋಬರ್ ಹಿತ. ಕಲ್ಲು ಹಾಸಿದ ಗಲ್ಲಿಗಳು, ಒಳ್ಳೆಯ ಶೂ ಇರಲಿ. ಊರಿನ ಹೆಸರುವಾಸಿ ಟೊಮೆಟೊ ಸೂಪ್ 'ಸಲ್ಮೊರೆಹೊ' ನೋಡಲು ಸಸ್ಯಾಹಾರದ ಹಾಗೆ ಕಂಡರೂ ಮೇಲೆ ಹಂದಿಮಾಂಸದ ಚೂರು ಉದುರಿಸುತ್ತಾರೆ, ಕೇಳಿಯೇ ತಿನ್ನಿ. ಮದೀನತುಝ್ಝಹ್ರಾಕ್ಕೆ ಇನ್ನೊಂದು ಅರ್ಧ ದಿನ ಇಟ್ಟುಕೊಳ್ಳಿ.

ನಮಾಝ್‌ಗೆ ಕೊಲೊನ್ ಉದ್ಯಾನದಲ್ಲಿ ಮೊರಾಬಿತೊ ಎಂಬ ಪುಟ್ಟ ಮಸೀದಿ ಉಂಟು. ಸ್ಪೇನಿನ ಅಂತರ್ಯುದ್ಧದ ಕಾಲದಲ್ಲಿ ಮೊರೊಕ್ಕೊ ಸೈನಿಕರಿಗಾಗಿ ಕಟ್ಟಿದ್ದು. ನಾವು ಅಸರ್‌ಗೆ ಅಲ್ಲಿಗೆ ಹೋದೆವು. ಸ್ವಫ್‌ನಲ್ಲಿ ಮಾಲಿಕಿ ಮದ್ಹಬಿನ ಮೊರೊಕ್ಕೊದವರು ಕೈ ಇಳಿಬಿಟ್ಟು ನಿಂತಿದ್ದರು, ಶಾಫಿಈಗಳಾದ ನಾವು ಕೈ ಕಟ್ಟಿ ನಿಂತೆವು. ಭುಜಕ್ಕೆ ಭುಜ ತಾಗಿತ್ತು. ಸಲಾಮ್ ಹೇಳಿದ ಮೇಲೆ ಯಾರೂ ಯಾರನ್ನೂ ಏನೂ ಕೇಳಲಿಲ್ಲ, ಮುಸಾಫಹ ಮಾಡಿ ಹೊರಟರು.