ತೋಟದ ಬದಿಯ ಕಾಲೇಜುಗಳು

1976ಕ್ಕೆ ಮೊದಲು ಸುಳ್ಯದ ಹುಡುಗನೊಬ್ಬ ಪದವಿ ಓದಬೇಕೆಂದರೆ ಊರು ಬಿಡದೆ ಗತಿಯಿರಲಿಲ್ಲ. ತಾಲೂಕಿನಲ್ಲಿ ಪದವಿ ಕಾಲೇಜೇ ಇರಲಿಲ್ಲ. ಮುಂದೆ ರಾಜ್ಯದ ಮುಖ್ಯಮಂತ್ರಿಯಾದ ಮಂಡೆಕೋಲಿನ ಡಿ.ವಿ. ಸದಾನಂದ ಗೌಡರು ಬಿಎಸ್ಸಿ ಮಾಡಿದ್ದು ಪುತ್ತೂರಿನ ಸಂತ ಫಿಲೋಮಿನಾ ಕಾಲೇಜಿನಲ್ಲಿ. ಕಾನೂನು ಓದಲು ಉಡುಪಿಗೆ ಹೋದರು. ಕೋಣೆ ಬಾಡಿಗೆ, ಊಟ, ಬಸ್ಸು ಎಂದು ಖರ್ಚು ಹೊರಬಲ್ಲ ಮನೆಗಳ ಮಕ್ಕಳು ಹೀಗೆ ಹೋದರು. ಹೊರಲಾಗದ ಮನೆಗಳ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಹೈಸ್ಕೂಲು ಮುಗಿಯುತ್ತಿದ್ದಂತೆ ಪುಸ್ತಕ ಮಡಚಿಟ್ಟರು. ಕಾಲೇಜು ಬಂದರೆ ಊರಿನ ಆರ್ಥಿಕತೆಗೆ ಏನಾಗುತ್ತದೆ ಎಂಬ ಲೆಕ್ಕವನ್ನು ಇಲ್ಲಿಂದಲೇ ಶುರುಮಾಡಬೇಕು ಎಂದು ನನ್ನ ಭಾವನೆ. ಊರಿಗೆ ಬಂದ ಹಣಕ್ಕಿಂತ ಮೊದಲು, ಊರಿನಿಂದ ಹೊರಹೋಗದೆ ಉಳಿದ ಹಣ ಎಷ್ಟು, ಓದು ನಿಲ್ಲಿಸದೆ ಮುಂದುವರಿದ ಹುಡುಗಿಯರು ಎಷ್ಟು ಎಂದು ನೋಡಬೇಕು.

ಪುತ್ತೂರು, ಸುಳ್ಯ, ಕಡಬ ಇವತ್ತು ಮೂರು ತಾಲೂಕು. ಹಿಂದೆ ಮೂರೂ ಸೇರಿ ಪುತ್ತೂರೇ ಆಗಿತ್ತು. ಅಡಿಕೆ, ತೆಂಗು, ಗೇರು, ರಬ್ಬರು, ಕಾಳುಮೆಣಸು ಇಲ್ಲಿಯ ಬದುಕು. ಮಂಗಳೂರಿನಂಥ ಬಂದರಿಲ್ಲ, ದೊಡ್ಡ ಕಾರ್ಖಾನೆಗಳ ಸಾಲಿಲ್ಲ. ಇಂಥ ನೆಲದಲ್ಲಿ ಪದವಿ ಕಾಲೇಜು, ಇಂಜಿನಿಯರಿಂಗ್ ಕಾಲೇಜು, ಕೊನೆಗೆ ವೈದ್ಯಕೀಯ ಕಾಲೇಜೂ ಹುಟ್ಟಿಕೊಂಡವು ಎಂಬುದು ಸಣ್ಣ ಸಂಗತಿಯಲ್ಲ.

ಪುತ್ತೂರಿನ ಕತೆ ಸಹಕಾರದಿಂದ ಆರಂಭವಾಗುತ್ತದೆ. ವಕೀಲರಾಗಿದ್ದ ಮೊಳಹಳ್ಳಿ ಶಿವರಾಯರು ಇಲ್ಲಿ ಸಹಕಾರ ಚಳವಳಿಗೆ ಬುನಾದಿ ಹಾಕಿದವರು. ಇಂದು ಮಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ದಕ್ಷಿಣ ಕನ್ನಡ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು 1914ರಲ್ಲಿ ಹುಟ್ಟಿದ್ದು ಪುತ್ತೂರಿನಲ್ಲಿ. ಶಿವರಾಯರು ಊರಿನ ಶಿಕ್ಷಣದ ಕೆಲಸಕ್ಕೂ ಅಷ್ಟೇ ಮನಸ್ಸು ಕೊಟ್ಟರು. ಸಾಲದ ಸೊಸೈಟಿ ಮತ್ತು ಶಾಲೆ ಎರಡನ್ನೂ ಒಂದೇ ಪೀಳಿಗೆಯ ಜನ ಕಟ್ಟಿದ್ದರಿಂದ ಆದ ಅನುಕೂಲ ಅರ್ಧ ಶತಮಾನದ ನಂತರ ಕಾಣಿಸಿತು. 1958ರಲ್ಲಿ ಮೊನ್ಸಿಂಜೊರ್ ಆಂಟನಿ ಪತ್ರಾವೊ ಅವರು ದರ್ಬೆಯಲ್ಲಿ ಫಿಲೋಮಿನಾ ಕಾಲೇಜು ತೆರೆದರು. 1965ರಲ್ಲಿ ನೆಹರೂ ನಗರದಲ್ಲಿ ವಿವೇಕಾನಂದ ಕಾಲೇಜು ಬಂತು. ಈಗ ಎರಡೂ ಸ್ವಾಯತ್ತ ಕಾಲೇಜುಗಳು. ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ, ಕರ್ಣಾಟಕ ಬ್ಯಾಂಕುಗಳು ಈ ಕರಾವಳಿಯಲ್ಲೇ ಹುಟ್ಟಿ ದೇಶವಿಡೀ ಶಾಖೆ ತೆರೆಯುತ್ತಿದ್ದ ಕಾಲ ಅದು. ಬಿ.ಕಾಂ. ಓದಿದವರಿಗೆ ಬ್ಯಾಂಕಿನ ನೌಕರಿ ದೂರದ ಕನಸಾಗಿರಲಿಲ್ಲ. ಬ್ಯಾಂಕಿಗೆ ಹೋಗದವರು ಊರಿನ ವ್ಯವಸಾಯ ಸೇವಾ ಸಹಕಾರಿ ಸಂಘದಲ್ಲಿ ಗುಮಾಸ್ತರಾದರು, ಕಾರ್ಯದರ್ಶಿಯಾದರು. ಹಳ್ಳಿಯ ಸೊಸೈಟಿಯ ಲೆಕ್ಕಪುಸ್ತಕ ಸರಿಯಾಗಿದ್ದರೆ ರೈತನಿಗೆ ಬೆಳೆಸಾಲ ಹೊತ್ತಿಗೆ ಸಿಗುತ್ತದೆ. ಆ ಲೆಕ್ಕ ಬರೆದ ಕೈಗಳಿಗೆ ತರಬೇತಿ ಸಿಕ್ಕಿದ್ದು ಇದೇ ಕಾಲೇಜುಗಳ ವಾಣಿಜ್ಯ ವಿಭಾಗದಲ್ಲಿ.

ಅಡಿಕೆ ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟಿದ್ದಾಗ, 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಬೆಳೆಗಾರರದೇ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿತು. 1986ರಲ್ಲಿ ಅದರ ಚಾಕೊಲೇಟ್ ಕಾರ್ಖಾನೆ ಪುತ್ತೂರಿನ ಕೆಮ್ಮಿಂಜೆಯಲ್ಲಿ ಆರಂಭವಾಯಿತು. ಗೇರು ಸಂಶೋಧನೆಯ ರಾಷ್ಟ್ರೀಯ ಕೇಂದ್ರ ಪುತ್ತೂರಿನ ಮೊಟ್ಟೆತ್ತಡ್ಕದಲ್ಲಿ ಶುರುವಾದದ್ದೂ, ಸುಳ್ಯದಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆದದ್ದೂ ಅದೇ ವರ್ಷ. ಕಾರ್ಖಾನೆ ಬಂದರೂ ಅದನ್ನು ನಡೆಸಬಲ್ಲ ಓದಿದ ಜನ ಹತ್ತಿರದಲ್ಲಿ ಇಲ್ಲದಿದ್ದರೆ ಕೆಲಸಗಳು ಹೊರಗಿನವರ ಪಾಲಾಗುತ್ತವೆ. ಪುತ್ತೂರಿಗೆ ಆ ಕೊರತೆ ಕಾಡಲಿಲ್ಲ.

ಸುಳ್ಯದ ದಾರಿ ಬೇರೆ, ನನಗೆ ಹೆಚ್ಚು ಅಚ್ಚರಿ ಹುಟ್ಟಿಸುವುದೂ ಅದೇ. ಇಲ್ಲಿ ಎಲ್ಲಕ್ಕೂ ಮೂಲ ಒಬ್ಬ ಕೃಷಿಕ. ಕುರುಂಜಿ ವೆಂಕಟ್ರಮಣ ಗೌಡರು (1928–2013) ಅಕಾಡೆಮಿ ಆಫ್ ಲಿಬರಲ್ ಎಜುಕೇಶನ್ ಎಂಬ ಸಂಸ್ಥೆಯ ಮೂಲಕ 1976ರಲ್ಲಿ ನೆಹರೂ ಮೆಮೋರಿಯಲ್ ಕಾಲೇಜು ತೆರೆದರು. ಊರವರ ಬಾಯಲ್ಲಿ ಅದು ಎನ್ನೆಂಸಿ. ಆಮೇಲೆ ಪಾಲಿಟೆಕ್ನಿಕ್, ಕಾನೂನು ಕಾಲೇಜು, ಇಂಜಿನಿಯರಿಂಗ್, ದಂತ ವೈದ್ಯಕೀಯ, ಆಯುರ್ವೇದ. 2002ರಲ್ಲಿ ವೈದ್ಯಕೀಯ ಕಾಲೇಜು. ತಾಲೂಕು ಕೇಂದ್ರವೊಂದರಲ್ಲಿ, ಅದೂ ಘಟ್ಟದ ಬುಡದಲ್ಲಿ, ವೈದ್ಯಕೀಯ ಕಾಲೇಜು ಇರುವ ಉದಾಹರಣೆಗಳು ರಾಜ್ಯದಲ್ಲಿ ವಿರಳ. ಕಾಲೇಜುಗಳು ಎದ್ದ ಜಾಗಕ್ಕೆ ಕುರುಂಜಿಬಾಗ್ ಎಂಬ ಹೆಸರೇ ನಿಂತಿತು. 1837ರಲ್ಲಿ ಬ್ರಿಟಿಷರ ವಿರುದ್ಧ ರೈತರು ದಂಡೆತ್ತಿದ ‘ಅಮರ ಸುಳ್ಯ’ದ ಜನ ತಮ್ಮ ಊರನ್ನು ಈಗ ಹೊರಗಿನವರಿಗೆ ಪರಿಚಯಿಸುವಾಗ ಆ ದಂಗೆಯ ಜೊತೆಗೆ ಗೌಡರ ಹೆಸರಿನ ಕೆವಿಜಿ ಎಂಬ ಮೂರು ಅಕ್ಷರಗಳನ್ನೂ ಹೇಳುತ್ತಾರೆ.

ವೈದ್ಯಕೀಯ ಕಾಲೇಜು ಎಂದರೆ ಆಸ್ಪತ್ರೆ. ಸುಳ್ಯದಿಂದ ಮಂಗಳೂರಿಗೆ ಎಂಬತ್ತು ಕಿಲೋಮೀಟರಿಗೂ ಹೆಚ್ಚು. ಹಾವು ಕಚ್ಚಿದವರನ್ನು, ಅಡಿಕೆ ಮರದಿಂದ ಬಿದ್ದವರನ್ನು, ಹೆರಿಗೆ ಕಷ್ಟವಾದವರನ್ನು ಅಷ್ಟು ದೂರ ಹೊತ್ತೊಯ್ಯುವಾಗ ಕಳೆದುಹೋಗುತ್ತಿದ್ದದ್ದು ಹಣ ಮಾತ್ರವಲ್ಲ. ಈಗ ಸುಳ್ಯದವರಷ್ಟೇ ಅಲ್ಲ, ಕೊಡಗಿನ ಸಂಪಾಜೆ, ಕರಿಕೆ ಕಡೆಯವರೂ, ಕಾಸರಗೋಡು ಜಿಲ್ಲೆಯ ಬಂದಡ್ಕ, ಅಡೂರು, ಪಾಣತ್ತೂರು ಕಡೆಯವರೂ ಸುಳ್ಯಕ್ಕೇ ಬರುತ್ತಾರೆ. ರೋಗಿಯ ಜೊತೆ ಇಬ್ಬರು, ಅವರಿಗೆ ಊಟ, ಔಷಧಿ ಅಂಗಡಿ, ಜೀಪು, ಆಟೊ, ಲ್ಯಾಬು. ಮೂರು ಜಿಲ್ಲೆ, ಎರಡು ರಾಜ್ಯಗಳ ಗಡಿಯ ಮೂಲೆಯೊಂದು ಹೀಗೆ ಕೇಂದ್ರವಾಯಿತು.

ಇದೇ ಅವಧಿಯಲ್ಲಿ ಸುಳ್ಯದ ತೋಟಗಳಿಗೆ ದೊಡ್ಡ ಹೊಡೆತ ಬಿದ್ದಿತ್ತು ಎಂಬುದನ್ನು ಮರೆಯಬಾರದು. ಸುಳ್ಯದ ಬದಿಯ ಸಂಪಾಜೆ, ಅರಂತೋಡು, ಮರ್ಕಂಜ ಕಡೆಯ ಅಡಿಕೆ ತೋಟಗಳಲ್ಲಿ ಹಳದಿ ಎಲೆ ರೋಗ ದಶಕಗಳಿಂದ ಹಬ್ಬುತ್ತಿದೆ. ಮದ್ದಿಲ್ಲದ ಈ ರೋಗಕ್ಕೆ ಸಿಕ್ಕಿದ ಮರ ಮೆಲ್ಲಮೆಲ್ಲನೆ ಫಸಲು ಕಳೆದುಕೊಳ್ಳುತ್ತದೆ. ಇತ್ತೀಚಿನ ವರ್ಷಗಳಲ್ಲಿ ಎಲೆ ಚುಕ್ಕಿ ರೋಗವೂ ಸೇರಿಕೊಂಡಿದೆ. ಮುಳುಗುವ ಕೃಷಿಯ ಪಕ್ಕದಲ್ಲಿ ಬೇರೆ ಆದಾಯದ ದಾರಿ ಇರುವುದು ಎಷ್ಟು ದೊಡ್ಡ ಆಸರೆ ಎಂದು ಈ ಊರುಗಳಲ್ಲಿ ಅರ್ಥವಾಗುತ್ತದೆ. ಪೇಟೆಯ ಬದಿಯಲ್ಲಿ ನಾಲ್ಕು ಕೋಣೆ ಕಟ್ಟಿ ಪಿಜಿ ಮಾಡಿದವರು, ಮೆಸ್ ನಡೆಸುವ ಹೆಂಗಸರು, ಆಸ್ಪತ್ರೆಯಲ್ಲಿ ದಾದಿಯಾದ ಮಗಳು, ಲ್ಯಾಬಿನಲ್ಲಿ ಸಹಾಯಕನಾದ ಮಗ: ತೋಟ ಕೈಕೊಟ್ಟ ಮನೆ ನಿಂತಿರುವುದು ಇಂಥ ಸಂಬಳ, ಬಾಡಿಗೆಗಳ ಮೇಲೆ. ಇಂಜಿನಿಯರಿಂಗ್, ದಂತ ವೈದ್ಯಕೀಯ ಓದಲು ಕೇರಳದಿಂದ ಬಂದ ವಿದ್ಯಾರ್ಥಿಗಳು ತರುವ ಹಣವೂ ಪೇಟೆಯಲ್ಲೇ ಖರ್ಚಾಗುತ್ತದೆ. 2020ರಲ್ಲಿ ಕೊರೋನಾದಿಂದ ತರಗತಿಗಳು ನಿಂತಾಗ ಜೆರಾಕ್ಸ್ ಅಂಗಡಿ, ಹೋಟೆಲು, ಬಾಡಿಗೆ ಕೋಣೆ ಎಲ್ಲವೂ ಒಟ್ಟಿಗೇ ಸೊರಗಿದವು. ಕಾಲೇಜನ್ನು ನೆಚ್ಚಿಕೊಂಡ ಪೇಟೆಯ ದುರ್ಬಲ ಜಾಗ ಯಾವುದೆಂದು ಆಗ ತಿಳಿಯಿತು.

ಇನ್ನೊಂದು ಹಣದ ಹರಿವು ಮೇಲ್ನೋಟಕ್ಕೆ ಕಾಣುವುದಿಲ್ಲ. ಫಿಲೋಮಿನಾ, ವಿವೇಕಾನಂದ, ಎನ್ನೆಂಸಿ ಮೂರೂ ಅನುದಾನಿತ ಕಾಲೇಜುಗಳು. ಖಾಯಂ ಉಪನ್ಯಾಸಕರ ಸಂಬಳ ಸರಕಾರದ ಖಜಾನೆಯಿಂದ ಬರುತ್ತದೆ, ಖರ್ಚಾಗುವುದು ಇಲ್ಲಿ. ಹಳೆಯ ತಲೆಮಾರಿನ ಉಪನ್ಯಾಸಕರು ನಿವೃತ್ತರಾದಂತೆ ಎಷ್ಟೋ ಹುದ್ದೆಗಳು ತುಂಬದೆ ಖಾಲಿ ಬಿದ್ದಿವೆ. ಆ ಭಾರ ಆಡಳಿತ ಮಂಡಳಿಯ ಮೇಲೆ, ಅಲ್ಲಿಂದ ಶುಲ್ಕದ ರೂಪದಲ್ಲಿ ಮನೆಗಳ ಮೇಲೆ ಬೀಳುತ್ತದೆ. ಸರಕಾರಿ ಕಾಲೇಜುಗಳಲ್ಲಿ ಪಾಠದ ಬಹುಪಾಲನ್ನು ಅತಿಥಿ ಉಪನ್ಯಾಸಕರು ಹೊತ್ತಿದ್ದಾರೆ. ಅವರ ಕೆಲಸಕ್ಕೆ ಭದ್ರತೆಯಿಲ್ಲ. ಊರಿನ ಆರ್ಥಿಕತೆಗೆ ಕಾಲೇಜು ಬೆಂಬಲ ಎನ್ನುವಾಗ, ಅದರೊಳಗೇ ದುಡಿಯುವವರ ಬದುಕು ಹೀಗೆ ಅತಂತ್ರವಾಗಿರುವುದು ನನ್ನನ್ನು ನೋಯಿಸುತ್ತದೆ.

ಆದರೂ ಸರಕಾರಿ ಕಾಲೇಜುಗಳು ಮಾಡಿದ ಕೆಲಸವನ್ನು ಬೇರೆ ಯಾರೂ ಮಾಡಲಾಗುತ್ತಿರಲಿಲ್ಲ. ಪುತ್ತೂರಿನಲ್ಲಿ ಮಹಿಳಾ ಕಾಲೇಜೂ ಸೇರಿದಂತೆ ಪ್ರಥಮ ದರ್ಜೆ ಕಾಲೇಜುಗಳಿವೆ, ಉಪ್ಪಿನಂಗಡಿಯಲ್ಲಿದೆ, ಬೆಳ್ಳಾರೆಯ ಪೆರುವಾಜೆಯಲ್ಲಿ ಡಾ. ಕೆ. ಶಿವರಾಮ ಕಾರಂತರ ಹೆಸರಿನ ಕಾಲೇಜಿದೆ. ಪುತ್ತೂರಿನ ಬಾಲವನದಲ್ಲಿ ಕೂತು ಮಕ್ಕಳ ಶಿಕ್ಷಣದ ಪ್ರಯೋಗ ಮಾಡಿದ ಕಾರಂತರ ಹೆಸರು ಹಳ್ಳಿ ಮಕ್ಕಳ ಕಾಲೇಜಿಗೆ ಸಲ್ಲುವಂಥದೇ. ಇಲ್ಲಿಗೆ ಬರುವವರಲ್ಲಿ ಬೀಡಿ ಕಟ್ಟುವ ತಾಯಂದಿರ ಹೆಣ್ಣುಮಕ್ಕಳಿದ್ದಾರೆ. ರಬ್ಬರು ತೋಟಗಳ ಮಕ್ಕಳಿದ್ದಾರೆ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ನಂತರ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳನ್ನು ಅರಣ್ಯ ಅಭಿವೃದ್ಧಿ ನಿಗಮದ ರಬ್ಬರು ತೋಟಗಳಲ್ಲಿ ನೆಲೆಗೊಳಿಸಿದ್ದು ಈ ಪುತ್ತೂರು, ಸುಳ್ಯ ಭಾಗದಲ್ಲೇ. ಬೆಳಗಾಗುವ ಮೊದಲೇ ಮರ ಕೆತ್ತಲು ಹೋಗುವ ಅಪ್ಪ–ಅಮ್ಮನ ಮಕ್ಕಳು ಕನ್ನಡದಲ್ಲಿ ಪರೀಕ್ಷೆ ಬರೆದು ಪದವೀಧರರಾಗುವುದು ಈ ನೆಲದ ಆರ್ಥಿಕ ಚರಿತ್ರೆಯ ಭಾಗ. ಮನೆಯಲ್ಲಿ ಮೊದಲ ಸಂಬಳ ಬಂದಾಗ ಅಂಗಡಿಯ ಬಾಕಿ ತೀರುತ್ತದೆ, ತಂಗಿಯ ಓದು ಮುಂದುವರಿಯುತ್ತದೆ. ಯಾವ ಕಾಲೇಜಿನ ವಾರ್ಷಿಕ ವರದಿಯಲ್ಲೂ ಇದಕ್ಕೆ ಅಂಕಣವಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಈ ಕಾಲೇಜುಗಳಲ್ಲಿ ಓದಿದವರು ಎಲ್ಲಿ ಹೋದರು? ಹೆಚ್ಚಿನವರು ಬೆಂಗಳೂರಿಗೆ, ಮಂಗಳೂರಿಗೆ, ಕೊಲ್ಲಿ ರಾಷ್ಟ್ರಗಳಿಗೆ. ಅವರು ಕಳಿಸಿದ ಹಣದಲ್ಲಿ ಹಂಚಿನ ಮನೆ ತಾರಸಿಯಾಯಿತು, ತೋಟಕ್ಕೆ ತುಂತುರು ನೀರಾವರಿ ಬಂತು. ತೋಟದಲ್ಲಿ ಮಾತ್ರ ವಯಸ್ಸಾದವರು ಉಳಿದರು. ಅಡಿಕೆ ಕೊಯ್ಯುವ, ಮಳೆಗಾಲದಲ್ಲಿ ಬೋರ್ಡೊ ದ್ರಾವಣ ಸಿಂಪಡಿಸುವ ಕೆಲಸಕ್ಕೆ ಮರವೇರುವವರು ಸಿಗದಾದರು. ಓದಿಸಿದ್ದೇ ಊರು ಬಿಡಲು ಎಂಬಂತಾಯಿತು. ಇದಕ್ಕೆ ಕಾಲೇಜುಗಳನ್ನು ದೂರಿ ಫಲವಿಲ್ಲ. ಆದರೆ ತರಗತಿಗೂ ತೋಟಕ್ಕೂ ನಡುವೆ ದಾರಿ ಮಾಡುವುದು ಕಾಲೇಜಿನ ಕೈಯಲ್ಲಿದೆ.

ಪುತ್ತೂರಿನಲ್ಲಿ ಆ ದಾರಿ ಮಾಡಿದವರಿದ್ದಾರೆ. 2001ರಲ್ಲಿ ಶುರುವಾದ ವಿವೇಕಾನಂದ ಇಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ 2023ರ ಫೆಬ್ರವರಿಯಲ್ಲಿ ಕ್ಯಾಂಪ್ಕೊ ಜೊತೆಗೂಡಿ ನಡೆದ ಕೃಷಿ ಯಂತ್ರ ಮೇಳ ಅದಕ್ಕೆ ಸಾಕ್ಷಿ. ಅಡಿಕೆ ಸುಲಿಯುವ ಯಂತ್ರ, ನೆಲದಲ್ಲೇ ನಿಂತು ಕೊನೆ ಕೊಯ್ಯುವ ಫೈಬರ್ ದೋಟಿ, ಗುಡ್ಡದ ತೋಟದಲ್ಲಿ ಗೊಬ್ಬರ ಸಾಗಿಸುವ ಸಣ್ಣ ಗಾಡಿ, ಇಂಥವನ್ನು ನೋಡಲು ರೈತರು ಇಂಜಿನಿಯರಿಂಗ್ ಕಾಲೇಜಿನ ಗೇಟಿನೊಳಗೆ ಬಂದರು. ಸ್ವತಃ ಯಂತ್ರ ಮಾಡಿಕೊಂಡ ರೈತ ಮತ್ತು ಯಂತ್ರ ಕಲಿಯುತ್ತಿರುವ ವಿದ್ಯಾರ್ಥಿ ಎದುರುಬದುರು ನಿಂತು ಮಾತನಾಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ರೈತರ ಕೈಗೆ ಲೇಖನಿ ಕೊಡಲು ಹೊರಟು 1988ರಿಂದ ಪುತ್ತೂರಿನಿಂದ ಪ್ರಕಟವಾಗುತ್ತಿರುವ ‘ಅಡಿಕೆ ಪತ್ರಿಕೆ’ ರೈತರ ಇಂಥ ಅನುಭವ, ಶೋಧನೆಗಳನ್ನು ಬಹಳ ಹಿಂದಿನಿಂದಲೇ ದಾಖಲಿಸುತ್ತ ಬಂದಿದೆ. ಆ ಸಂಚಿಕೆಗಳನ್ನು ಪದವಿ ತರಗತಿಯ ಓದಿಗೆ ತಂದರೆ ಎಷ್ಟು ಯೋಜನಾ ವರದಿಗಳಿಗೆ ವಸ್ತು ಸಿಗಬಹುದು ಎಂದು ಯೋಚಿಸಿದರೆ ಉತ್ಸಾಹವಾಗುತ್ತದೆ.

ಈ ಮೂರರಲ್ಲಿ ಕಡಬ ತಾಲೂಕು ಹೊಸದು. ಅಲ್ಲಿಯ ದೊಡ್ಡ ಸಂಪತ್ತು ಕುಕ್ಕೆ ಸುಬ್ರಹ್ಮಣ್ಯ. ರಾಜ್ಯದ ಮುಜರಾಯಿ ದೇವಸ್ಥಾನಗಳಲ್ಲಿ ಅತಿ ಹೆಚ್ಚು ಆದಾಯವಿರುವುದು ಇದಕ್ಕೇ. ಸರ್ಪ ಸಂಸ್ಕಾರಕ್ಕೆ, ಆಶ್ಲೇಷಾ ಬಲಿಗೆ ದೇಶದ ನಾನಾ ಕಡೆಯಿಂದ ಬರುವ ಭಕ್ತರ ಕಾಣಿಕೆಯ ಒಂದು ಪಾಲು ಊರಿನ ಮಕ್ಕಳ ಓದಿಗೆ ಹೋಗುತ್ತದೆ: ದೇವಸ್ಥಾನವೇ ನಡೆಸುವ ಕುಕ್ಕೆ ಶ್ರೀ ಸುಬ್ರಹ್ಮಣ್ಯೇಶ್ವರ ಕಾಲೇಜು ಸುತ್ತಲಿನ ಕಾಡಂಚಿನ ಹಳ್ಳಿಗಳಿಗೆ ಪದವಿಯ ಬಾಗಿಲು. ಪೇಜಾವರದ ವಿಶ್ವೇಶ ತೀರ್ಥರ ಹುಟ್ಟೂರು ರಾಮಕುಂಜದಲ್ಲಿ ಕಾಲೇಜಿದೆ, ಹೆದ್ದಾರಿಯ ನೆಲ್ಯಾಡಿಗೆ ವಿಶ್ವವಿದ್ಯಾನಿಲಯದ ಕಾಲೇಜು ಬಂತು. ಯಾತ್ರಿಕರನ್ನೇ ನೆಚ್ಚಿದ ಪೇಟೆಗೆ ಹೋಟೆಲು ನಿರ್ವಹಣೆ, ಪ್ರವಾಸ, ಲೆಕ್ಕಪತ್ರ ಬಲ್ಲ ಯುವಕರು ಬೇಕು. ಇಂಥ ಕೋರ್ಸುಗಳಿಗೆ ಕಡಬದಷ್ಟು ಹದವಾದ ನೆಲ ಹತ್ತಿರದಲ್ಲಿ ಇನ್ನೊಂದಿಲ್ಲ.

ಕಡಬದವರು ಹೆಚ್ಚು ಕಾದಿರುವುದು ಕೊಯಿಲದ ಪಶುವೈದ್ಯಕೀಯ ಕಾಲೇಜಿಗೆ. ಪಶುಸಂಗೋಪನಾ ಇಲಾಖೆಯ ವಿಶಾಲ ಜಾನುವಾರು ಸಂವರ್ಧನಾ ಕೇಂದ್ರ ಅಲ್ಲಿದೆ, ಮಲೆನಾಡು ಗಿಡ್ಡ ತಳಿಯನ್ನು ಉಳಿಸುವ ಕೆಲಸವೂ ಅಲ್ಲಿ ನಡೆಯುತ್ತದೆ. ಆ ಜಾಗದಲ್ಲಿ ಕಾಲೇಜು ಎಂಬ ಮಾತು ಕೇಳಿ ಹತ್ತು ವರ್ಷಕ್ಕೂ ಮೀರಿತು. ಹಿಂಡಿಯ ಬೆಲೆ ಏರಿ, ಕೆಲಸದವರು ಸಿಗದೆ, ಹಟ್ಟಿ ಖಾಲಿ ಮಾಡುವ ಮನೆಗಳು ಈ ಭಾಗದಲ್ಲಿ ಹೆಚ್ಚುತ್ತಿವೆ. ಆ ಕಾಲೇಜು ತನ್ನ ಆಸ್ಪತ್ರೆಯ ಸಮೇತ ಪೂರ್ಣವಾಗಿ ನಡೆದರೆ ಒಂದೆರಡು ದನ ಕಟ್ಟಿಕೊಂಡು ಡೇರಿಗೆ ಹಾಲು ಹಾಕುವ ಹೆಂಗಸಿಗೆ, ಕರು ಹಾಕಲು ಕಷ್ಟಪಡುವ ದನಕ್ಕೆ ರಾತ್ರಿ ಹೊತ್ತಿನಲ್ಲೂ ಡಾಕ್ಟರು ಹತ್ತಿರದಲ್ಲೇ ಸಿಗುತ್ತಾರೆ. ಅದೇ ಮನೆಯ ಮಗಳು ಡಾಕ್ಟರಾಗಲು ಬೀದರಿಗೋ ಬೆಂಗಳೂರಿಗೋ ಹೋಗಬೇಕಾಗಿಲ್ಲ.