ಟಲ್ಸಾ ನಗರದ ಭೂಗತ ಮೋಟಾರು

ಶಿಕಾಗೋದಿಂದ ಪಡುವಣ ಕಡಲಿನತ್ತ ಸಾಗಲೆಂದು 1926ರಲ್ಲಿ ಗುರುತಿಸಲ್ಪಟ್ಟ ಅಮೇರಿಕದ 66ನೆಯ ಹೆದ್ದಾರಿಯು ಓಕ್ಲಹೋಮಾ ರಾಜ್ಯದ ಟಲ್ಸಾ ನಗರವನ್ನು ಹಾಯ್ದುಹೋಗುತ್ತಿದ್ದಿತು. ಆ ಹೆದ್ದಾರಿಯ ಜನಕನೆಂದು ಹೆಸರಾದ ಸೈರಸ್ ಏವರಿ ಈ ಊರಿನ ವರ್ತಕನೇ. ಎಣ್ಣೆಯ ವ್ಯಾಪಾರದಿಂದ ಬೆಳೆದ ಇಂಥ ಊರು ತನ್ನ ಕಾಲದ ಕುರುಹಾಗಿ ಒಂದು ಮೋಟಾರು ಗಾಡಿಯನ್ನೇ ಹೂಳಿದುದರಲ್ಲಿ ಆಶ್ಚರ್ಯವಿಲ್ಲ.

1957ರ ಜೂನ್ 15ರಂದು, ರಾಜ್ಯಸ್ಥಾಪನೆಯ ಸುವರ್ಣೋತ್ಸವದ ಅಂಗವಾಗಿ, ನ್ಯಾಯಾಲಯದ ಮುಂದಿನ ಹುಲ್ಲುಹಾಸಿನ ಕೆಳಗೆ ಕಟ್ಟಿದ ಕಾಂಕ್ರೀಟು ನೆಲಮನೆಯೊಳಕ್ಕೆ ಹೊಚ್ಚಹೊಸ ಪ್ಲಿಮತ್ ಬೆಲ್ವಡೀರ್ ಕಾರನ್ನು ಇಳಿಸಲಾಯಿತು. ಐವತ್ತು ವರ್ಷಗಳ ತರುವಾಯ ಪೆಟ್ರೋಲು ದೊರೆಯುವುದೋ ಇಲ್ಲವೋ ಎಂಬ ಶಂಕೆಯಿಂದ ಅದನ್ನೂ ಡಬ್ಬಿಗಳಲ್ಲಿ ತುಂಬಿ ಜೊತೆಗಿಟ್ಟರು. ಹೆಂಗಸರ ಕೈಚೀಲದಲ್ಲಿರುವ ತುಟಿಬಣ್ಣ, ಕೂದಲಪಿನ್ನುಗಳೂ ಸೇರಿದವು. 2007ರಲ್ಲಿ ನಗರದ ಜನಸಂಖ್ಯೆ ಎಷ್ಟಾಗುವುದೆಂದು ಅತಿ ಸಮೀಪವಾಗಿ ಊಹಿಸಿದವರಿಗೆ ಆ ಕಾರೇ ಬಹುಮಾನ. ನೆಲಮನೆಯು ಅಣುಬಾಂಬಿಗೂ ಜಗ್ಗದೆಂದು ಹೇಳಲಾಗಿದ್ದಿತು.

ಬಾಂಬು ಬೀಳಲಿಲ್ಲ, ನೀರು ನುಗ್ಗಿತು. 2007ರ ಜೂನಿನಲ್ಲಿ ಮುಚ್ಚಳ ತೆಗೆದಾಗ ಒಳಗೆ ಮಡುಗಟ್ಟಿದ ನೀರು, ಕಾರಿನ ಮೈತುಂಬ ಕೆಸರು ಮತ್ತು ತುಕ್ಕು. ಕಾಂಕ್ರೀಟು ಬಂಡೆಯಂತೆ ಕಂಡರೂ ಅದರಲ್ಲಿ ಸೂಕ್ಷ್ಮರಂಧ್ರಗಳಿರುತ್ತವೆ. ಕಾಲಕ್ರಮದಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. ಒಮ್ಮೆ ಒಳಹೊಕ್ಕ ನೀರಿಗೆ ಹೊರದಾರಿಯಿರದಿದ್ದರೆ ತೇವವೂ ಗಾಳಿಯೂ ಸೇರಿ ಕಬ್ಬಿಣವನ್ನು ತಿನ್ನದೆ ಬಿಡವು. ಆದರೆ ಅದೇ ನೆಲಮನೆಯಲ್ಲಿ ಬಿಗಿಯಾಗಿ ಮುಚ್ಚಿಟ್ಟಿದ್ದ ಚಿಕ್ಕ ಉಕ್ಕಿನ ಪೆಟ್ಟಿಗೆಯೊಳಗಿನ ಧ್ವಜ, ಕಾಗದಪತ್ರಗಳು ಒಣಗಿದ ಸ್ಥಿತಿಯಲ್ಲಿಯೇ ದೊರೆತವು. ಕಟ್ಟಡಗಳ ಅಡಿಗಲ್ಲಿನೊಳಗೆ ದಾನಪತ್ರ, ನಾಣ್ಯ, ಪತ್ರಿಕೆಗಳನ್ನಿಡುವ ನಮ್ಮವರು ಇದನ್ನು ಗಮನಿಸಬೇಕು: ಉಳಿಸಿದ್ದು ಹೊರಗಿನ ಗೋಡೆಯ ದಪ್ಪವಲ್ಲ, ಒಳಪೆಟ್ಟಿಗೆಯ ಬಿಗಿ.

ಊಹೆಯಲ್ಲಿ ಗೆದ್ದಾತನು 1979ರಲ್ಲಿಯೇ ತೀರಿಕೊಂಡಿದ್ದನು. ಅವನ ಸುಮಾರು 3,84,000ದ ಲೆಕ್ಕವು ನಿಜಸಂಖ್ಯೆಗಿಂತ ಎರಡು ಸಾವಿರದಷ್ಟು ಮಾತ್ರ ಹೆಚ್ಚಾಗಿದ್ದಿತೆಂಬುದು ಸೋಜಿಗವೇ ಸರಿ. ಗಾಡಿ ಅವನ ಬಂಧುಗಳ ಪಾಲಾಯಿತು. ನ್ಯೂ ಜರ್ಸಿಯಲ್ಲಿ ಬಹುಕಾಲ ತುಕ್ಕು ತೊಳೆದರೂ ಅದು ಓಡುವ ಸ್ಥಿತಿಗೆ ಬರಲಿಲ್ಲ. ತಗಡು ಅಷ್ಟು ಸವೆದಿದ್ದಿತು. 2017ರಲ್ಲಿ ಇಲಿನಾಯ್ ರಾಜ್ಯದ ರಾಸ್ಕೋದಲ್ಲಿರುವ ವಸ್ತುಸಂಗ್ರಹಾಲಯವನ್ನು ಸೇರಿತು.

ಟಲ್ಸಾದವರು 1998ರಲ್ಲಿ ಇನ್ನೊಂದು ಪ್ಲಿಮತ್ ಕಾರನ್ನು ಕಾಪಿಟ್ಟಿದ್ದಾರೆ. ಮೂರು ವರ್ಷಗಳಲ್ಲಿ ಪ್ಲಿಮತ್ ಎಂಬ ಹೆಸರಿನ ಗಾಡಿಗಳ ತಯಾರಿಕೆಯೇ ನಿಂತುಹೋಯಿತು. 2048ರಲ್ಲಿ ತೆರೆಯಬೇಕಾದ ಈ ಎರಡನೆಯ ಕೋಣೆಯನ್ನು ಮಾತ್ರ ನೆಲದ ಮೇಲೆಯೇ ಕಟ್ಟಲಾಗಿದೆ.