ಮಕ್ಕಳ ಓದಿಗೆ ಕೊಟ್ಟದ್ದು ಸಾಲವಲ್ಲ, ದಾಸೋಹ

ಮಾಘ ಕಳೆದು ಫಾಲ್ಗುಣ ಬಂತೆಂದರೆ ನಮ್ಮ ಹಳ್ಳಿಗಳಲ್ಲಿ ಬಿಳಿಜೋಳದ ರಾಶಿ ಮಾಡುವ ಕಾಲ. ಅದೇ ಹೊತ್ತಿಗೆ ಓದುವ ಮಕ್ಕಳಿರುವ ಮನೆಗಳಲ್ಲಿ ಇನ್ನೊಂದು ರಾಶಿಯ ಚಿಂತೆ ಆರಂಭವಾಗುತ್ತದೆ. ಅದು ಅಂಕಗಳ ರಾಶಿ. ಪಿಯುಸಿ ಎರಡನೆಯ ವರ್ಷದ ಪರೀಕ್ಷೆ, ಅದರ ಬೆನ್ನಿಗೆ ಸಿಇಟಿ, ಅದರ ಬೆನ್ನಿಗೆ ನೀಟ್. ರೈತ ಮುಂಗಾರು ಮೋಡದ ಕಡೆಗೆ ಮುಖವೆತ್ತಿ ನಿಲ್ಲುವ ಹೊತ್ತಿಗೆ ಒಂದೊಂದಾಗಿ ಫಲಿತಾಂಶಗಳು ಹೊರಬರುತ್ತವೆ. ಹೊಲದ ರಾಶಿ ಕಡಿಮೆಯಾದರೆ ನಾವು ಮಳೆಯನ್ನು ನೆನೆಯುತ್ತೇವೆ, ಗಾಳಿಯನ್ನು ನೆನೆಯುತ್ತೇವೆ, ಮುಂದಿನ ಹಂಗಾಮನ್ನು ನೆನೆಯುತ್ತೇವೆ, ಭೂಮಿತಾಯಿಯನ್ನು ಬೈಯುವುದಿಲ್ಲ. ಆದರೆ ಮಗುವಿನ ಅಂಕ ಕಡಿಮೆಯಾದಾಗ ಮಾತ್ರ ನಮಗೆ ಮಳೆಯೂ ನೆನಪಾಗುವುದಿಲ್ಲ, ಮುಂದಿನ ಹಂಗಾಮೂ ನೆನಪಾಗುವುದಿಲ್ಲ. ಎದುರಿಗೆ ನಿಂತ ಮಗುವೊಂದೇ ಕಾಣುತ್ತದೆ. ಬಾಯಿಗೆ ಬಂದ ಮಾತು ಆಡಿಬಿಡುತ್ತೇವೆ.

ಈ ವಿಷಯವನ್ನು ಸದ್ಭಕ್ತರು, ಅದರಲ್ಲಿಯೂ ಮನೆಯ ಹಿರಿಯರು, ಸ್ವಲ್ಪ ಸಮಾಧಾನದಿಂದ ಆಲೋಚಿಸಬೇಕಾಗಿದೆ.

ನಮ್ಮ ರಾಜ್ಯದಲ್ಲಿ ಸಿಇಟಿ ಪದ್ಧತಿ ಬಂದದ್ದು 1994ರಲ್ಲಿ. ಅದಕ್ಕೂ ಮುಂಚೆ ಎಂಜಿನಿಯರಿಂಗ್, ವೈದ್ಯಕೀಯ ಎಂದರೆ ಕ್ಯಾಪಿಟೇಷನ್ ಎಂಬ ಮಾತೇ ಮೊದಲು ಕೇಳಿಬರುತ್ತಿತ್ತು. ಬಡ ರೈತನ ಮಗನಿಗೆ ಆ ಬಾಗಿಲು ದೂರವಿತ್ತು. ಒಂದು ಪರೀಕ್ಷೆ ಬರೆದು, ಒಂದು ಕ್ರಮಸಂಖ್ಯೆ ಪಡೆದು, ಸರಕಾರ ಗೊತ್ತುಮಾಡಿದ ಶುಲ್ಕದಲ್ಲಿ ಓದಬಹುದೆಂಬ ಆಸೆ ಹಳ್ಳಿಯ ಮನೆಗಳಿಗೂ ಬಂತು. ಗಳೇ ಹೊಡೆಯುವವರ ಮನೆಯಲ್ಲಿ ಎಂಜಿನಿಯರು, ಕೂಲಿಯವರ ಮನೆಯಲ್ಲಿ ಡಾಕ್ಟರು ಆದದ್ದನ್ನು ನಾವೇ ಕಂಡಿದ್ದೇವೆ. ಆ ಆಸೆ ತಪ್ಪಲ್ಲ. ಆದರೆ ಒಂದು ಮನೆಗೆ ಬಂದ ಭಾಗ್ಯ ಎಲ್ಲ ಮನೆಗೂ ಅದೇ ವರ್ಷ, ಅದೇ ರೂಪದಲ್ಲಿ ಬರಲೇಬೇಕೆಂದು ಹಟ ಹಿಡಿದಾಗ ಆಸೆಯೇ ಉರುಲಾಗುತ್ತದೆ.

ಲೆಕ್ಕವನ್ನೇ ನೋಡೋಣ. 2025ರಲ್ಲಿ ದೇಶದಾದ್ಯಂತ 22 ಲಕ್ಷಕ್ಕೂ ಹೆಚ್ಚು ಮಕ್ಕಳು ನೀಟ್ ಬರೆದರು. ಅವರಲ್ಲಿ 12 ಲಕ್ಷಕ್ಕೂ ಮಿಕ್ಕಿದವರು ಅರ್ಹರೆನಿಸಿದರು. ಎಂಬಿಬಿಎಸ್ ಸೀಟುಗಳಾದರೋ ಸರಕಾರಿ, ಖಾಸಗಿ ಎಲ್ಲ ಸೇರಿ ಸುಮಾರು 1 ಲಕ್ಷ 20 ಸಾವಿರ. ಎಂದರೆ ಅರ್ಹರಾದ ಹತ್ತು ಮಕ್ಕಳಲ್ಲಿ ಒಬ್ಬರಿಗೆ ಸೀಟು, ಒಂಬತ್ತು ಜನರಿಗೆ ಇಲ್ಲ. ಆ ಒಂಬತ್ತು ಜನ ದಡ್ಡರೇ? ಸೋಮಾರಿಗಳೇ? ಅಲ್ಲ. ಹತ್ತು ಸೇರಿನ ರಾಶಿಯನ್ನು ಒಂದು ಸೇರಿನ ಚೀಲಕ್ಕೆ ತುಂಬಲು ಹೋದರೆ ಒಂಬತ್ತು ಸೇರು ಹೊರಗೇ ಉಳಿಯುತ್ತದೆ. ಅದು ಕಾಳಿನ ದೋಷವಲ್ಲ, ಚೀಲದ ಅಳತೆ. ಈ ಮಾತು ಮನೆಯ ಅಜ್ಜನಿಗೆ ತಿಳಿದರೆ ಮೊಮ್ಮಗನ ಅರ್ಧ ಭಾರ ಇಳಿದಂತೆ.

ಇನ್ನು ಅರ್ಧ ಭಾರ ಯಾವುದು? ಅದು ನಾವೇ ಹೊರಿಸಿದ್ದು. ಒಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಅಂಥ ಮನೆ ಪ್ರತಿ ಊರಿನಲ್ಲಿಯೂ ಇದೆ. ಎಸ್ಸೆಸ್ಸೆಲ್ಸಿಯಲ್ಲಿ ಹುಡುಗನಿಗೆ ಒಳ್ಳೆಯ ಅಂಕ ಬಂದಿವೆ. ಧಾರವಾಡಕ್ಕೋ ಮಂಗಳೂರಿನ ಕಡೆಗೋ ಕಳಿಸೋಣವೆಂದು ತೀರ್ಮಾನವಾಗುತ್ತದೆ. ಕಾಲೇಜಿನ ಶುಲ್ಕ, ಹಾಸ್ಟೆಲಿನ ಶುಲ್ಕ, ಕೋಚಿಂಗ್ ಶುಲ್ಕ ಎಲ್ಲ ಸೇರಿ ಲಕ್ಷಗಳ ಮಾತು. ಎರಡು ಎಕರೆ ಒತ್ತಿ ಹಾಕುತ್ತಾರೆ, ಕರೆಯುವ ಎಮ್ಮೆ ಮಾರುತ್ತಾರೆ, ತಾಯಿಯ ಕೊರಳ ಸರ ಬ್ಯಾಂಕಿನಲ್ಲಿ ಕೂಡುತ್ತದೆ. ಇಷ್ಟೆಲ್ಲ ಮಾಡುವುದು ಪ್ರೀತಿಯಿಂದಲೇ. ಆದರೆ ಮಗ ರಜೆಗೆ ಊರಿಗೆ ಬಂದಾಗಲೆಲ್ಲ, ಫೋನು ಮಾಡಿದಾಗಲೆಲ್ಲ ಒಂದೇ ಮಾತು: ‘ನಿನ್ನ ಸಲುವಾಗಿ ಹೊಲ ಒತ್ತಿ ಹಾಕೀವಿ, ನೆನಪಿರಲಿ ತಮ್ಮಾ.’ ಅಜ್ಜಿ ಅನ್ನುತ್ತಾಳೆ, ‘ನೀ ಡಾಕ್ಟರ್ ಆಗೋದನ್ನ ನೋಡೇ ನಾ ಕಣ್ಣು ಮುಚ್ಚಾಕಿ.’ ಕಾಕಾ ಅನ್ನುತ್ತಾನೆ, ‘ಮನೆತನದ ಮರ್ಯಾದಿ ನಿನ್ನ ಕೈಯಾಗ ಐತಿ.’

ಹದಿನೇಳು ವರ್ಷದ ಆ ಹುಡುಗ ಪರೀಕ್ಷೆಯ ಕೋಣೆಗೆ ಪೆನ್ನೊಂದನ್ನೇ ಹಿಡಿದು ಹೋಗುವುದಿಲ್ಲ. ಎರಡು ಎಕರೆ ಹೊಲ, ಒಂದು ಎಮ್ಮೆ, ತಾಯಿಯ ಸರ, ಅಜ್ಜಿಯ ಕೊನೆಯಾಸೆ, ಮನೆತನದ ಮರ್ಯಾದೆ ಇಷ್ಟನ್ನೂ ಹೊತ್ತು ಹೋಗುತ್ತಾನೆ. ನೀಟ್ ಪರೀಕ್ಷೆಯಲ್ಲಿ 180 ಪ್ರಶ್ನೆ, 720 ಅಂಕ. ಸರಿಯುತ್ತರಕ್ಕೆ ನಾಲ್ಕು ಅಂಕ ಕೊಡುತ್ತಾರೆ, ತಪ್ಪುತ್ತರಕ್ಕೆ ಒಂದು ಅಂಕ ಕಳೆಯುತ್ತಾರೆ. ಅಲ್ಲಿ ಬೇಕಾದದ್ದು ತಿಳಿಯಾದ ಮನಸ್ಸು. ಹೊರೆ ಹೊತ್ತವನ ಮನಸ್ಸು ತಿಳಿಯಾಗಿರುವುದು ಹೇಗೆ?

ಇಲ್ಲಿ ನಮ್ಮ ಶರಣರು ತೋರಿದ ಒಂದು ಭೇದವನ್ನು ನೆನೆಯಬೇಕು. ದಾನಕ್ಕೂ ದಾಸೋಹಕ್ಕೂ ವ್ಯತ್ಯಾಸವುಂಟು. ದಾನ ಮಾಡುವವನಲ್ಲಿ ‘ನಾನು ಕೊಟ್ಟೆ’ ಎಂಬ ಭಾವ ಉಳಿಯಬಹುದು. ದಾಸೋಹದಲ್ಲಿ ಆ ‘ನಾನು’ ಕರಗಿರಬೇಕು. ಕೊಟ್ಟವನು ಲೆಕ್ಕ ಬರೆದಿಡಬಾರದು. 2019ರ ಜನವರಿ 21ರಂದು ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು ಸಾವಿರಾರು ಬಡಮಕ್ಕಳಿಗೆ ಜಾತಿಯನ್ನು ಕೇಳದೆ ಅನ್ನ, ಅಕ್ಷರ, ಆಶ್ರಯ ಕೊಟ್ಟರು. ಪ್ರಸಾದದ ಪಂಕ್ತಿಯಲ್ಲಿ ಕುಳಿತ ಮಗುವಿಗೆ ಎಷ್ಟು ಅಂಕ ತೆಗೆದೆ ಎಂದು ಕೇಳಿ ಅನ್ನ ಬಡಿಸುವ ಪದ್ಧತಿ ಯಾವ ಮಠದಲ್ಲಿಯೂ ಇಲ್ಲ. ಮಠದಲ್ಲಿ ನಾವು ಮೆಚ್ಚುವ ಈ ನಡೆ ನಮ್ಮ ಮನೆಯ ಅಡುಗೆಮನೆಗೆ ಏಕೆ ಬರಬಾರದು? ಮಕ್ಕಳ ಓದಿಗೆ ಕೊಟ್ಟದ್ದು ಸಾಲವಲ್ಲ, ದಾಸೋಹ. ದಾಸೋಹಕ್ಕೆ ಬಡ್ಡಿ ಇಲ್ಲ, ವಾಯಿದೆ ಇಲ್ಲ.

ಹಾಗೆಂದು ಮನೆಯ ಕಷ್ಟವನ್ನು ಮಕ್ಕಳಿಂದ ಮುಚ್ಚಿಡಬೇಕೆಂದಲ್ಲ. ಸೇರಿಸುವ ಮುನ್ನವೇ ಮಗನನ್ನೋ ಮಗಳನ್ನೋ ಎದುರಿಗೆ ಕೂಡ್ರಿಸಿಕೊಂಡು, ‘ನಮ್ಮ ಕೈಲಿ ಇಷ್ಟು ಆಗುತ್ತದೆ, ಇದಕ್ಕೆ ಮೀರಿ ಆಗುವುದಿಲ್ಲ, ನಿನಗೆ ಈ ಓದು ಇಷ್ಟವೇ?’ ಎಂದು ಒಮ್ಮೆ ಕೇಳಬೇಕು. ನಿಜವಾಗಿ ಕೇಳಬೇಕು, ಉತ್ತರ ಬರುವವರೆಗೆ ಕಾಯಬೇಕು. ಹೊಲ ಮಾರಿಯೇ ಓದಿಸಬೇಕಾದ ಸ್ಥಿತಿ ಇದ್ದರೆ ಊರ ಸಮೀಪದ ಸರಕಾರಿ ಕಾಲೇಜೇ ಮೇಲು. ಒಮ್ಮೆ ತೀರ್ಮಾನವಾದ ಮೇಲೆ ಆ ಲೆಕ್ಕದ ಪುಸ್ತಕ ಮುಚ್ಚಿಬಿಡಬೇಕು. ಪ್ರತಿದಿನ ತೆರೆದು ಓದಿದರೆ ಮಗು ಓದುವುದು ಭೌತಶಾಸ್ತ್ರವನ್ನಲ್ಲ, ನಮ್ಮ ಸಾಲಪತ್ರವನ್ನು.

ಈ ನೋವಿನ ಆಳ ಎಷ್ಟೆಂಬುದನ್ನು ಹೇಳದೆ ಇರಲಾಗದು. 2022ನೇ ವರ್ಷವೊಂದರಲ್ಲಿಯೇ ದೇಶದಲ್ಲಿ 13 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ತಾವಾಗಿ ಪ್ರಾಣ ಕಳೆದುಕೊಂಡರೆಂದು ಸರಕಾರದ ಅಂಕಿ ಅಂಶವೇ ಹೇಳುತ್ತದೆ. ಇಂಥ ಸಾವಿಗೆ ಒಂದೇ ಕಾರಣವಿರುವುದಿಲ್ಲ, ಎಲ್ಲವೂ ಪರೀಕ್ಷೆಯಿಂದಲೇ ಆದವೂ ಅಲ್ಲ. ಆದರೂ ಪರೀಕ್ಷೆಯ ಭಯ ಅದರಲ್ಲಿ ಸೇರಿದೆ. ಅದಕ್ಕಾಗಿ 2024ರ ಜನವರಿಯಲ್ಲಿ ಕೇಂದ್ರ ಸರಕಾರ ಹದಿನಾರು ವರ್ಷ ತುಂಬದ ಮಕ್ಕಳನ್ನು ಕೋಚಿಂಗ್ ಕೇಂದ್ರಗಳು ಸೇರಿಸಿಕೊಳ್ಳಬಾರದೆಂದು ಮಾರ್ಗಸೂಚಿ ಹೊರಡಿಸಿತು. 2025ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಅಂಕಗಳ ಮೇಲೆ ಮಕ್ಕಳನ್ನು ಬೇರೆ ಬೇರೆ ತಂಡ ಮಾಡಬಾರದು, ಎಲ್ಲರೆದುರು ಅವಮಾನಿಸಬಾರದು ಎಂದು ಸಂಸ್ಥೆಗಳಿಗೆ ನಿರ್ದೇಶಿಸಿತು. ನ್ಯಾಯಾಲಯ ಕೋಚಿಂಗ್ ಕೇಂದ್ರಕ್ಕೆ ಹೇಳಬಲ್ಲುದು. ನಮ್ಮ ಮನೆಯ ಪಡಸಾಲೆಗೆ, ಊರ ಮುಂದಿನ ಕಟ್ಟೆಗೆ ಯಾರು ಹೇಳಬೇಕು? ಅದನ್ನು ಹಿರಿಯರಾದ ನಾವೇ ಹೇಳಿಕೊಳ್ಳಬೇಕು.

ಆದ್ದರಿಂದ ಫಲಿತಾಂಶದ ದಿನ ಮನೆಯ ಹಿರಿಯರಿಗೆ ಒಂದು ಕೆಲಸವುಂಟು. ಆ ದಿನ ಮಗು ಮೊದಲು ನೋಡುವುದು ಅಂಕಪಟ್ಟಿಯನ್ನು. ಎರಡನೆಯದಾಗಿ ನೋಡುವುದು ನಮ್ಮ ಮುಖವನ್ನು. ‘ಎಷ್ಟು ಬಂತು?’ ಎನ್ನುವುದಕ್ಕಿಂತ ‘ಬಾರಪ್ಪಾ, ಮೊದಲು ಉಣ್ಣು’ ಎನ್ನುವುದು ದೊಡ್ಡ ಮಾತು. ಪಕ್ಕದ ಮನೆಯವರ ಮಗಳ ಅಂಕ ಆ ದಿನ ನಮ್ಮ ಬಾಯಲ್ಲಿ ಬರಬಾರದು. ಬೀಗರು, ನೆಂಟರು ಫೋನು ಮಾಡಿ ಕೇಳಿದರೆ ಮಗುವಿನ ಕೈಗೆ ಫೋನು ಕೊಡದೆ ಅಜ್ಜನೇ ಉತ್ತರಿಸಲಿ: ‘ನಮ್ಮ ಹುಡುಗ ಚೆನ್ನಾಗಿದ್ದಾನೆ, ಮುಂದಿನದನ್ನು ನೋಡುತ್ತಿದ್ದೇವೆ.’ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಆ ದಿನಕ್ಕೆಂದೇ ಹುಟ್ಟಿದಂತಿದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು. ‘ಈ ಸಲ ಪಾಸಾಗದಿದ್ದರೆ ಮದುವೆ ಮಾಡಿಬಿಡೋಣ’ ಎಂದು ಮಗಳ ಕಿವಿಗೆ ಬೀಳುವಂತೆ ಆಡುವ ರೂಢಿ ಹಲವು ಮನೆಗಳಲ್ಲಿದೆ. ಹದಿನೆಂಟು ತುಂಬದ ಹುಡುಗಿಯ ಮದುವೆ ಕಾನೂನಿಗೆ ವಿರುದ್ಧವೆಂಬುದು ಒಂದು. ಮದುವೆಯನ್ನೇ ಶಿಕ್ಷೆಯೆಂದು ಹೇಳಿಕೊಟ್ಟಂತಾಗುತ್ತದೆ ಎಂಬುದು ಇನ್ನೊಂದು. ಒಂದು ಪರೀಕ್ಷೆಯಲ್ಲಿ ಹಿಂದೆ ಬಿದ್ದರೆ ಮಗನಿಗೆ ಸಿಗುವ ಎರಡನೆಯ ಅವಕಾಶ ಮಗಳಿಗೂ ಸಿಗಬೇಕು.

ಬೈಯುವುದಕ್ಕೆ ಖರ್ಚಾಗುವ ಹೊತ್ತನ್ನು ಉಪಯೋಗದ ಕೆಲಸಕ್ಕೆ ಹಾಕಿದರೆ ಮಾಡಬೇಕಾದದ್ದು ಬೇಕಾದಷ್ಟಿದೆ. ನಮ್ಮ ರಾಜ್ಯದಲ್ಲಿ ಪಿಯುಸಿ ಎರಡನೆಯ ವರ್ಷಕ್ಕೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಯ ಅವಕಾಶಗಳಿವೆ. ಮೊದಲನೆಯದರಲ್ಲಿ ಎಡವಿದವರು ಅದೇ ಬೇಸಿಗೆಯಲ್ಲಿ ಮತ್ತೆ ಬರೆಯಬಹುದು. ಉತ್ತರಪತ್ರಿಕೆಯ ಪ್ರತಿ ತರಿಸಿ, ಮರುಮೌಲ್ಯಮಾಪನಕ್ಕೆ ಹಾಕಲಿಕ್ಕೂ ದಾರಿಯಿದೆ. ಎಂಜಿನಿಯರಿಂಗ್ ಕ್ರಮಸಂಖ್ಯೆಗೆ ಸಿಇಟಿಯ ಅಂಕ ಅರ್ಧ, ಪಿಯುಸಿಯ ಅಂಕ ಅರ್ಧ ಎಂಬುದನ್ನೂ ನೆನಪಿಡಬೇಕು.

ಕಾಗದಪತ್ರಗಳ ವಿಷಯವಂತೂ ಹಿರಿಯರದೇ. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ನೂರಕ್ಕೆ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ 5 ಮೀಸಲಾತಿ ಇದೆ. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳವರಿಗೆ 371(ಜೆ) ಇದೆ. ಕೃಷಿ ಪದವಿಯಲ್ಲಿ ಒಕ್ಕಲುತನದ ಮನೆಯ ಮಕ್ಕಳಿಗೆ ಬೇರೆಯೇ ಪಾಲಿದ್ದು, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯುಂಟು. ಇವನ್ನೆಲ್ಲ ಸಿಇಟಿ ಅರ್ಜಿಯಲ್ಲಿಯೇ ನಮೂದಿಸಬೇಕು, ಪ್ರಮಾಣಪತ್ರಗಳನ್ನು ಮುಂಚೆಯೇ ಮಾಡಿಸಿಟ್ಟುಕೊಳ್ಳಬೇಕು. ಅಪ್ಪ ತಹಸೀಲ್ದಾರರ ಕಚೇರಿಗೆ, ಶಾಲೆಗೆ ಒಂದೆರಡು ಸಲ ಓಡಾಡಿದರೆ ಅದು ಮಗುವಿಗೆ ನೂರು ಬುದ್ಧಿಮಾತಿಗಿಂತ ದೊಡ್ಡ ಸಹಾಯ. ಡಾಕ್ಟರಿಕೆ, ಎಂಜಿನಿಯರಿಂಗ್ ಎರಡೇ ದಾರಿಗಳೆಂದು ತಿಳಿಯಬಾರದು. ನರ್ಸಿಂಗ್, ಫಾರ್ಮಸಿ, ಪಶುವೈದ್ಯ, ತೋಟಗಾರಿಕೆ ಇವೆ. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ನೇರವಾಗಿ ಎಂಜಿನಿಯರಿಂಗ್ ಎರಡನೆಯ ವರ್ಷಕ್ಕೆ ಸೇರುತ್ತಾರೆ. ಬಿ.ಎ., ಬಿ.ಎಸ್ಸಿ., ಬಿ.ಕಾಂ. ಓದಿ ಶಿಕ್ಷಕರಾದವರು, ಅಧಿಕಾರಿಗಳಾದವರು ನಮ್ಮ ಊರುಗಳಲ್ಲಿಯೇ ಇದ್ದಾರೆ. ಮತ್ತೊಂದು ವರ್ಷ ಲಾಂಗ್ ಟರ್ಮ್ ಕೂಡುವುದಾದರೆ ಅದು ಮಗುವಿನ ಇಚ್ಛೆಯಾಗಿರಲಿ, ಊರವರ ಬಾಯಿಗೆ ಅಂಜಿ ತೆಗೆದುಕೊಂಡ ತೀರ್ಮಾನವಾಗಿರದಿರಲಿ.

ಕೆಲವು ಗುರುತುಗಳನ್ನು ಮಾತ್ರ ಅಲಕ್ಷಿಸಬಾರದು. ಮಗು ಊಟ ಬಿಡುವುದು, ರಾತ್ರಿಯೆಲ್ಲ ನಿದ್ರೆಯಿಲ್ಲದೆ ಇರುವುದು, ಗೆಳೆಯರ ಹತ್ತಿರವೂ ಮಾತಾಡದೆ ಮೂಲೆ ಹಿಡಿಯುವುದು, ‘ನಾನು ನಿಮಗೆ ಭಾರ’ ಎನ್ನುವುದು ಸೋಮಾರಿತನವಲ್ಲ, ನಾಟಕವಲ್ಲ. ಆಗ ಒಂಟಿಯಾಗಿ ಬಿಡದೆ ಪಕ್ಕದಲ್ಲಿ ಕುಳಿತುಕೊಳ್ಳಬೇಕು, ಸಾಯುವ ವಿಚಾರ ಬರುತ್ತಿದೆಯೇ ಎಂದು ಸಮಾಧಾನದಿಂದ ಕೇಳಬೇಕು. ಕೇಳಿದರೆ ಆ ವಿಚಾರ ಹುಟ್ಟುತ್ತದೆಂಬುದು ತಪ್ಪು ತಿಳಿವಳಿಕೆ. ಕೇಳಿದರೆ ಎದೆ ಹಗುರವಾಗುತ್ತದೆ. ಬೆಳೆಗೆ ಹೊಡೆಯುವ ಔಷಧಿ ಸದಾ ಬೀಗದೊಳಗಿರಲಿ. ಸರಕಾರದ ಟೆಲಿ-ಮಾನಸ್ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಆರಂಭವಾಗಿದೆ. 14416 ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ ಹಣವಿಲ್ಲದೆ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು. ಮೈಗೆ ಜ್ವರ ಬಂದರೆ ವೈದ್ಯರಲ್ಲಿಗೆ ಹೋಗುವಂತೆ ಮನಸ್ಸಿಗೆ ಜ್ವರ ಬಂದಾಗಲೂ ವೈದ್ಯರಲ್ಲಿಗೆ ಹೋಗಬೇಕು. ಅದರಲ್ಲಿ ನಾಚಿಕೆಯಿಲ್ಲ.

ಮಡಿವಾಳ ಮಾಚಯ್ಯ ಬಟ್ಟೆ ಒಗೆದವರು, ಅಂಬಿಗರ ಚೌಡಯ್ಯ ದೋಣಿ ನಡೆಸಿದವರು, ನುಲಿಯ ಚಂದಯ್ಯ ಹಗ್ಗ ಹೊಸೆದವರು. ಇವರಿಗೆ ಹಿರಿತನ ಬಂದದ್ದು ಯಾವ ಕಾಯಕ ಎಂಬುದರಿಂದಲ್ಲ, ಅದನ್ನು ಎಷ್ಟು ಶುದ್ಧವಾಗಿ ಮಾಡಿದರು ಎಂಬುದರಿಂದ. ಇದನ್ನು ಪ್ರತಿ ವರ್ಷ ಜಯಂತಿಗಳಲ್ಲಿ ಹೇಳುತ್ತೇವೆ, ಕೇಳುತ್ತೇವೆ. ಮಗನೋ ಮಗಳೋ ಕಡಿಮೆ ಅಂಕ ತೆಗೆದುಕೊಂಡು ಬಾಗಿಲಲ್ಲಿ ನಿಂತಾಗ ಅದನ್ನು ನಂಬುತ್ತೇವೆಯೇ ಎಂಬುದೇ ನಮ್ಮ ಪರೀಕ್ಷೆ. ಮಕ್ಕಳ ಪರೀಕ್ಷೆ ಮೂರು ತಾಸಿಗೆ ಮುಗಿಯುತ್ತದೆ. ನಮ್ಮದು ಅವರು ಮನೆಗೆ ಬಂದ ಮೇಲೆ ಶುರುವಾಗುತ್ತದೆ. ಅದರಲ್ಲಿ ತಂದೆತಾಯಿಗಳು, ಅಜ್ಜ ಅಜ್ಜಿಯರು ಎಲ್ಲರೂ ತೇರ್ಗಡೆಯಾಗಲಿ.